ನಡೆಯದ ಪಂದ್ಯದ ತೀರ್ಪು

ಜೀವಮಾನದಲ್ಲಿ ನಾನು ಯಾರಿಗೂ ಒಂದು ಗುದ್ದು ಹಾಕಿದವನಲ್ಲ. ತಿಂದಿದ್ದೇನೆ, ಅದು ಬೇರೆ ಮಾತು. ಆದರೂ ತಿಪಟೂರಿನಿಂದ ತುರುವೇಕೆರೆ ಕಡೆಗೆ ಹೋಗುವ ರಸ್ತೆ ಬದಿಯ ಒಂದು ಕೊಬ್ಬರಿ ಶೆಡ್ಡಿನಲ್ಲಿ, ಸುಮಾರು ಎರಡು ವರ್ಷ, ಹೆವಿವೇಟ್ ಬಾಕ್ಸಿಂಗ್ ವಿಷಯ ಬಂದರೆ ನನ್ನದೇ ಕೊನೆಯ ಮಾತಾಗಿತ್ತು. ನಮ್ಮ ತಾತನ ಕಾಲದ ಚಾಂಪಿಯನ್ನನನ್ನೂ ಈಗಿನ ಚಾಂಪಿಯನ್ನನನ್ನೂ ಒಂದೇ ರಿಂಗಿನೊಳಗೆ ನಿಲ್ಲಿಸಿದರೆ ಯಾರು ಗೆಲ್ಲುತ್ತಾರೆಂದು ನಾನು ಹೇಳುತ್ತಿದ್ದೆ, ಶೆಡ್ಡಿನವರು ಕೇಳುತ್ತಿದ್ದರು. ಆ ಆಟದಲ್ಲಿ ಯಾರಿಗೂ ಏಟು ಬೀಳುವುದಿಲ್ಲ ಎಂದು ನಾನು ನಂಬಿದ್ದೆ.

ಹುಚ್ಚು ಹತ್ತಿದ್ದು ತುಮಕೂರಿನ ಹಾಸ್ಟೆಲಿನಲ್ಲಿ. ನಾನು ಕನ್ನಡ ಮೀಡಿಯಮ್ಮಿನಿಂದ ಬಂದವನು. ಬಿ.ಎ. ಮೊದಲ ವರ್ಷ ಇಂಗ್ಲಿಷ್ ಕ್ಲಾಸಿನಲ್ಲಿ ತಲೆ ಎತ್ತುತ್ತಿರಲಿಲ್ಲ. ಪಕ್ಕದ ಮಂಚದವನು ಮೊಬೈಲಿನಲ್ಲಿ ಹಳೆಯ ಬಾಕ್ಸಿಂಗ್ ಪಂದ್ಯಗಳನ್ನು ನೋಡುತ್ತಿದ್ದ. ಕಾಮೆಂಟರಿಯವರು ಹೇಳಿದ್ದನ್ನೇ ಹತ್ತು ಸಲ ಹೇಳುತ್ತಾರೆ, ಹೇಳಿದ್ದು ಕಣ್ಣೆದುರೇ ನಡೆಯುತ್ತಿರುತ್ತದೆ. ಇಂಗ್ಲಿಷ್ ಕಲಿಯಲು ಇದಕ್ಕಿಂತ ಒಳ್ಳೆಯ ಮೇಷ್ಟ್ರು ನನಗೆ ಸಿಗಲಿಲ್ಲ. ಮೂರು ವರ್ಷ ಮುಗಿಯುವ ಹೊತ್ತಿಗೆ ಇಂಗ್ಲಿಷ್ ಅಷ್ಟಿಷ್ಟು ಬಂತು, ಬಾಕ್ಸಿಂಗ್ ಪೂರ್ತಿ ಬಂತು. ಯಾರ ತೂಕ ಎಷ್ಟು, ಯಾರ ತೋಳು ಎಷ್ಟುದ್ದ, ಯಾರು ಯಾವ ರೌಂಡಿನಲ್ಲಿ ಸುಸ್ತಾಗುತ್ತಾರೆ, ಎಲ್ಲ ಬಾಯಿಪಾಠ.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅಪ್ಪ ತನ್ನ ಹೆಸರು ಬರೆಯಲು ಕಲಿತದ್ದೇ ನನ್ನ ಹಾಸ್ಟೆಲ್ ಅರ್ಜಿಗೆ ಸಹಿ ಹಾಕಬೇಕಾಗಿ ಬಂದಾಗ. ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ ಎಂದು ಕ್ಲರ್ಕ್ ಹೇಳಿದ್ದರು. ಅಪ್ಪ ಒಪ್ಪಲಿಲ್ಲ. ಒಂದು ವಾರ ಸ್ಲೇಟು ಹಿಡಿದು ಕೂತು ಐದು ಅಕ್ಷರ ಕಲಿತ.

ಡಿಗ್ರಿ ಬಂತು, ಕೆಲಸ ಬರಲಿಲ್ಲ. ಬಿ.ಎಡ್. ಸೀಟಿಗೂ ಪರೀಕ್ಷೆಗಳಿಗೂ ಅರ್ಜಿ ಹಾಕುತ್ತ ಎರಡು ವರ್ಷ ಊರಿನಲ್ಲಿದ್ದೆ. ಮನೆಯಲ್ಲಿ ಕೂತರೆ ಅಮ್ಮ ಮುಖ ನೋಡುತ್ತಾಳೆ, ಊರೊಳಗೆ ಹೋದರೆ ಜನ ಏನು ಮಾಡ್ತಿದ್ದೀಯ ಎಂದು ಕೇಳುತ್ತಾರೆ. ಹಾಗಾಗಿ ಮಧ್ಯಾಹ್ನ ಊಟ ಮುಗಿಸಿ ಅಪ್ಪ ಕೆಲಸ ಮಾಡುವ ಶೆಡ್ಡಿಗೆ ಹೋಗುತ್ತಿದ್ದೆ.

ಅಪ್ಪ ಕಾಯಿ ಸುಲಿಯುವವನು. ನಮ್ಮ ಕಡೆ ಕಾಯನ್ನು ಮರದಿಂದ ಇಳಿಸಿದ ಕೂಡಲೇ ಒಡೆಯುವುದಿಲ್ಲ. ಮೇಲಿನ ನಾರಿನ ಮಟ್ಟೆ ಸಮೇತ ಅಟ್ಟದ ಮೇಲೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಲೊಡಲೊಡ ಸದ್ದು ಬರುತ್ತದೆ. ಆಗ ನೆಲಕ್ಕೆ ನೆಟ್ಟ ಚೂಪು ಕಬ್ಬಿಣದ ಗೂಟಕ್ಕೆ ಕುಕ್ಕಿ ಮಟ್ಟೆ ಬಿಡಿಸಬೇಕು, ಮಚ್ಚಿನ ಹಿಂಬದಿಯಿಂದ ಚಿಪ್ಪಿಗೆ ತಟ್ಟಬೇಕು. ಏಟು ಜಾಸ್ತಿಯಾದರೆ ಒಳಗಿನ ಉಂಡೆಗೆ ಗಾಯವಾಗುತ್ತದೆ. ಗಾಯವಾದದ್ದು ಒಡಕು, ಅದರ ರಾಶಿಯೇ ಬೇರೆ, ಬೆಲೆಯೇ ಬೇರೆ. ಅಪ್ಪನ ಕೈಯಿಂದ ಒಡಕು ಬರುವುದು ಅಪರೂಪ. ಕಾಯನ್ನು ಕಿವಿಯ ಹತ್ತಿರ ಒಂದು ಸಲ ಆಡಿಸಿ, ಕೆಲವನ್ನು ಇನ್ನೂ ಹದಿನೈದು ದಿನ ಇರಲಿ ಎಂದು ಅಟ್ಟಕ್ಕೆ ವಾಪಸ್ಸು ಕಳಿಸುತ್ತಿದ್ದ.

ಆ ಶೆಡ್ಡಿನಲ್ಲಿ ಆರು ಗೂಟಗಳಿದ್ದವು. ಬಾಗಿಲ ಪಕ್ಕದ್ದು ಮೊದಲನೆಯದು. ಬೆಳಕೂ ಗಾಳಿಯೂ ಅಲ್ಲೇ. ಯಾವ ಅಟ್ಟದ ಕಾಯಿ ಮೊದಲು ಇಳಿಸಬೇಕು, ಯಾವುದು ಕಾಯಬೇಕು ಎಂದು ಹೇಳುವ ಹಕ್ಕು ಬಾಗಿಲ ಗೂಟದವನದು. ಪ್ರತಿ ವರ್ಷ ಮೊದಲ ಅಟ್ಟ ಇಳಿಸುವ ಬೆಳಿಗ್ಗೆ ಸಾವ್ಕಾರರು ಎಲ್ಲರ ಎದುರಿಗೆ ಒಬ್ಬನಿಗೆ ಎಲೆ ಅಡಿಕೆ ಕೊಡುತ್ತಾರೆ. ಅದನ್ನು ತೆಗೆದುಕೊಂಡವನಿಗೆ ಆ ವರ್ಷ ಬಾಗಿಲ ಗೂಟ. ನಾನು ಒಂದನೇ ಕ್ಲಾಸಿಗೆ ಸೇರುವ ಮೊದಲಿನಿಂದಲೂ ಆ ಎಲೆ ಅಡಿಕೆ ಅಪ್ಪನ ಕೈಗೇ ಬರುತ್ತಿತ್ತು. ಊರಿನಲ್ಲಿ ಅಪ್ಪನಿಗೆ ಬೇರೆ ಯಾವ ಮರ್ಯಾದೆಯೂ ಇರಲಿಲ್ಲ. ದೇವಸ್ಥಾನದಲ್ಲಿ ಹೊರಗೆ, ಪಂಚಾಯಿತಿಯಲ್ಲಿ ಹಿಂದೆ, ಮದುವೆ ಮನೆಗಳಲ್ಲಿ ಕೊನೆಯ ಪಂಕ್ತಿ. ಆ ಒಂದು ಬೆಳಿಗ್ಗೆ ಮಾತ್ರ ಸಾವ್ಕಾರರು ಎದ್ದು ನಿಂತು ಅವನ ಕೈಗೆ ಕೊಡುತ್ತಿದ್ದರು.

ಸಾವ್ಕಾರರದು ಹಳೆಯ ಮನೆತನ. ವಿಭೂತಿ ಇಟ್ಟುಕೊಂಡು, ಒಗೆದ ಬಿಳಿ ಅಂಗಿ ಹಾಕಿಕೊಂಡು, ಶೆಡ್ಡಿನ ಮುಂದಿನ ಜಗಲಿಯಲ್ಲಿ ಕೂರುತ್ತಿದ್ದರು. ಕೆಟ್ಟವರೆಂದು ಹೇಳಲಾರೆ. ನಯವಾಗಿ ಮಾತಾಡುತ್ತಿದ್ದರು. ಅವರಿಗೂ ಬಾಕ್ಸಿಂಗ್ ಹುಚ್ಚು. ಯೂಟ್ಯೂಬಿನಲ್ಲಿ ಯಾರೋ ಕಂಪ್ಯೂಟರಿನಿಂದ ಮಾಡಿದ ಪಂದ್ಯಗಳು ಬರುತ್ತವೆ. ಸತ್ತವನನ್ನೂ ಬದುಕಿದವನನ್ನೂ ಗೊಂಬೆ ಮಾಡಿ ಹೊಡೆದಾಡಿಸುತ್ತಾರೆ. ಅದನ್ನು ನೋಡಿ ಜೋಡಿ ಕಟ್ಟುವುದು ಅವರ ಮಧ್ಯಾಹ್ನದ ಆಟ. ಎದುರಾಳಿ ಲಾರಿ ಡ್ರೈವರ್. ಕೊಬ್ಬರಿ ಮೂಟೆ ಸಾಗಿಸುವವನು, ನನ್ನದೇ ವಯಸ್ಸು.

ಬಾಕ್ಸರುಗಳ ಹೆಸರು ಶೆಡ್ಡಿನ ಬಾಯಿಗೆ ತಿರುಗುತ್ತಿರಲಿಲ್ಲ. ಕಪ್ಪುಬಿಳುಪು ಪಟದಲ್ಲಿ ಎಷ್ಟು ಹೊಡೆತ ತಿಂದರೂ ಅಲ್ಲಾಡದೆ ನಿಲ್ಲುವ ಒಬ್ಬನಿಗೆ 'ಗೋಡೆ' ಎಂದು ಹೆಸರಿಟ್ಟಿದ್ದರು. ಈಗಿನವನೊಬ್ಬ ತುಂಬಾ ಎತ್ತರ, ತುಂಬಾ ತೂಕ, ಅವನು 'ಬಸ್ಸು'. ಗೋಡೆಗೂ ಬಸ್ಸಿಗೂ ಬಿದ್ದರೆ ಏನಾಗುತ್ತದೆ ಎಂಬ ಒಂದೇ ವಿಷಯಕ್ಕೆ ಎಷ್ಟೋ ಮಧ್ಯಾಹ್ನಗಳು ಕಳೆದಿವೆ. ಡ್ರೈವರ್ ಯಾವಾಗಲೂ ಹಳಬರ ಕಡೆ. ಆ ಕಾಲದ ತುಪ್ಪ, ಆ ಕಾಲದ ರಾಗಿ ಎಂದು ಶುರು ಮಾಡುತ್ತಿದ್ದ. ಅಮೆರಿಕದವನಿಗೆ ಯಾರಪ್ಪಾ ಮುದ್ದೆ ಇಕ್ಕಿದ್ರು ಎಂದು ಸಾವ್ಕಾರರು ಕಾಲೆಳೆಯುತ್ತಿದ್ದರು.

ನಾನು ಮೊದಮೊದಲು ಮಟ್ಟೆ ರಾಶಿಯ ಮೇಲೆ ಕೂತು ಕೇಳುತ್ತಿದ್ದೆ. ಒಂದು ದಿನ ತಡೆಯಲಾಗದೆ ಬಾಯಿ ಹಾಕಿದೆ. ಇಬ್ಬರು ಬೇರೆಬೇರೆ ಕಾಲದವರನ್ನು ನಿಲ್ಲಿಸುವ ಮೊದಲು ಒಂದು ವಿಷಯ ತೀರ್ಮಾನವಾಗಬೇಕು, ಯಾರ ಕಾಲದ ಕಾನೂನು ಎಂದೆ. ಹಳಬರು ಹದಿನೈದು ರೌಂಡು ಆಡಿದವರು, ಈಗ ಹನ್ನೆರಡು. ಕೊನೆಯ ಮೂರು ರೌಂಡು ಗೋಡೆಯಂಥವನಿಗೇ ಸೇರಿದ್ದು. ಬಸ್ಸು ಅಲ್ಲಿಗೆ ಬರುವ ಹೊತ್ತಿಗೆ ಡೀಸೆಲ್ಲು ಮುಗಿದಿರುತ್ತದೆ. ಅದೇ ಹನ್ನೆರಡು ರೌಂಡಿನ ಕಾನೂನು ಇಟ್ಟರೆ ಬಸ್ಸೇ ಗೆಲ್ಲುತ್ತದೆ. ಇದನ್ನೆಲ್ಲ ವಿವರಿಸಿ ಹೇಳಿದೆ. ಸಾವ್ಕಾರರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿದರು.

ಆ ಕುರ್ಚಿಯ ಬಗ್ಗೆ ಹೇಳಲೇಬೇಕು. ನಮ್ಮ ಮನೆಯವರು ಯಾರೂ ಆ ಜಗಲಿಯ ಮೇಲೆ ಕೂತಿರಲಿಲ್ಲ. ಅಪ್ಪ ಸಾವ್ಕಾರರನ್ನು 'ಬುದ್ದಿ' ಎನ್ನುತ್ತಿದ್ದ, ನಾನು 'ಸಾರ್' ಎನ್ನುತ್ತಿದ್ದೆ, ಬೇಕೆಂದೇ. ಅವರು ನನ್ನನ್ನು 'ಬಿ.ಎ.' ಎಂದೇ ಕರೆಯುತ್ತಿದ್ದರು. ಅದರಲ್ಲಿ ಅರ್ಧ ತಮಾಷೆ ಇತ್ತು. ಉಳಿದರ್ಧಕ್ಕಾಗಿ ನಾನು ದಿನಾ ಹೋಗುತ್ತಿದ್ದೆ. ಮೂರು ಮಾರು ದೂರದಲ್ಲಿ ಅಪ್ಪ ಬಾಗಿಲ ಗೂಟದ ಹತ್ತಿರ ಬಗ್ಗಿ ಏಳುತ್ತ ಇರುತ್ತಿದ್ದ, ನಮ್ಮ ಮಾತು ಕೇಳಿಸುತ್ತಿತ್ತು. ಮನೆಗೆ ಬಂದು ಅಮ್ಮನಿಗೆ, ಇವತ್ತು ನಮ್ಮ ಹೈದನ ಮುಂದೆ ಸಾವ್ಕಾರರೇ ಬಾಯಿ ಮುಚ್ಚಿದರು ಎಂದು ಹೇಳುತ್ತಿದ್ದನಂತೆ.

ಎರಡನೇ ವರ್ಷ, ಹಿಂದಿನ ಸಾಲಿನ ಕೊನೆಯ ಅಟ್ಟ ಸುಲಿಯುತ್ತಿದ್ದಾಗ, ಡ್ರೈವರ್ ಒಬ್ಬ ಹೊಸಬನನ್ನು ಕರೆತಂದ. ದಂಡಿನಶಿವರದ ಕಡೆಯವನು, ಮೂವತ್ತರ ಆಸುಪಾಸು, ಎದೆ ಬಾಗಿಲ ಹಲಗೆಯಂತೆ. ಕೊನೆಯ ಗೂಟ ಕೊಟ್ಟರು. ಒಂದು ವಾರದಲ್ಲಿ ಅವನ ಗೂಟದ ಪಕ್ಕದ ಮಟ್ಟೆ ರಾಶಿ ಅಪ್ಪನ ರಾಶಿಗಿಂತ ಎತ್ತರವಾಯಿತು. ಮೂರು ಕುಕ್ಕಿಗೆ ಮಟ್ಟೆ ಬಿಡಿಸುತ್ತಿದ್ದ, ಒಂದೇ ಏಟಿಗೆ ಚಿಪ್ಪು ಹಾರಿಸುತ್ತಿದ್ದ. ಕಾಯನ್ನು ಕಿವಿಗಿಟ್ಟುಕೊಂಡದ್ದು ನಾನು ನೋಡಲಿಲ್ಲ. ಅವನ ಒಡಕಿನ ರಾಶಿಯೂ ದೊಡ್ಡದೇ ಇತ್ತು. ಅದನ್ನು ನಾನು ನೋಡಿದ್ದೆ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ: ನೋಡಿದ್ದೆ.

ಎಲೆ ಅಡಿಕೆಯ ದಿನಕ್ಕೆ ಇನ್ನು ನಾಲ್ಕೈದು ದಿನವಿತ್ತು. ಮಧ್ಯಾಹ್ನದ ಟೀ ಬಂದಿತ್ತು, ಅಪ್ಪನೂ ಹೊಸಬನೂ ತಂತಮ್ಮ ಗೂಟದ ಹತ್ತಿರವೇ ಲೋಟ ಹಿಡಿದು ಕೂತಿದ್ದರು. ಸಾವ್ಕಾರರು ಮೊಬೈಲ್ ಪಕ್ಕಕ್ಕಿಟ್ಟು, ಗೋಡೆ ಬಸ್ಸು ಸಾಕಾಯ್ತು, ಇವತ್ತು ನಮ್ಮದೇ ಒಂದು ಜೋಡಿ ಕಟ್ಟೋಣ ಎಂದರು.

"ನಿಮ್ಮಪ್ಪ, ಮೂವತ್ತು ವರ್ಷದವನಿದ್ದಾಗ. ಈ ಹೊಸಬ, ಈಗ. ಇಬ್ಬರನ್ನೂ ಅಕ್ಕಪಕ್ಕ ಗೂಟದಲ್ಲಿ ನಿಲ್ಸಿದ್ರೆ ಯಾರು ಗೆಲ್ತಾರೆ? ನೀನು ಹೇಳಪ್ಪ ಬಿ.ಎ."

ಡ್ರೈವರ್ ನಕ್ಕ. "ಲೇ, ಅಪ್ಪ ಅಂತ ಪಾರ್ಟಿ ಕಟ್ಬ್ಯಾಡ ಕಣ್ಲಾ. ನ್ಯಾಯವಾಗಿ ಹೇಳು."

ಆ ಮಾತು ನನ್ನನ್ನು ಚುಚ್ಚಿತು. ಎರಡು ವರ್ಷದಿಂದ ಪಕ್ಷಪಾತವಿಲ್ಲದವನು ಎಂದು ಕಟ್ಟಿಕೊಂಡ ಹೆಸರು ಆ ಜಗಲಿಯ ಮೇಲಿತ್ತು. ಓದಿಲ್ಲದವರು ತಮ್ಮವರ ಕಡೆ ಮಾತಾಡುತ್ತಾರೆ, ಓದಿದವನು ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ. ಹೀಗೆ ನಾನು ನಂಬಿದ್ದೆ, ಹೇಳಿಕೊಂಡೂ ತಿರುಗಿದ್ದೆ. ಅಪ್ಪನ ಕಡೆ ನೋಡಲಿಲ್ಲ. ಲೋಟ ಕೆಳಗಿಟ್ಟು, ಗೋಡೆಗೂ ಬಸ್ಸಿಗೂ ಹೇಳಿದ ಹಾಗೆಯೇ ಬಿಡಿಸಿ ಹೇಳಿದೆ. ಹೊಸಬನ ಎತ್ತರ ಜಾಸ್ತಿ, ಆದ್ದರಿಂದ ಕುಕ್ಕಿಗೆ ಭಾರ ಜಾಸ್ತಿ ಬೀಳುತ್ತದೆ. ಚಿಕ್ಕಂದಿನಲ್ಲಿ ತಿಂದ ಊಟ ಬೇರೆ; ಅಪ್ಪ ಒಪ್ಪತ್ತು ಉಂಡು ಬೆಳೆದವನು. ಹೊಸಬನಿಗೆ ಕುಕ್ಕು ಕಡಿಮೆ, ಬಗ್ಗುವುದು ಕಡಿಮೆ, ಸಂಜೆಯವರೆಗೂ ಉಸಿರಿರುತ್ತದೆ. ಹಾಗಾಗಿ ಅಪ್ಪ ಮೂವತ್ತರಲ್ಲಿದ್ದರೂ ಇವನೇ ಗೆಲ್ಲುತ್ತಾನೆ ಎಂದೆ.

ಯಾರ ಕಾಲದ ಕಾನೂನು ಎಂದು ನಾನು ಕೇಳಲಿಲ್ಲ. ಅಮೆರಿಕದ ಇಬ್ಬರು ಅಪರಿಚಿತರಿಗಾಗಿ ಪ್ರತಿ ಸಲವೂ ಮೊದಲು ಕೇಳುತ್ತಿದ್ದ ಪ್ರಶ್ನೆ ಅದು. ಸುಲಿದ ಕಾಯಿ ಎಣಿಸುತ್ತೀರೋ, ಗಾಯವಿಲ್ಲದ ಉಂಡೆ ಎಣಿಸುತ್ತೀರೋ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಮರೆತೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಮಾತು ಬಾಯಿಗೆ ಬಂದಿತ್ತು. ಕೇಳಿದರೆ ಅಪ್ಪನಿಗಾಗಿ ಕಾನೂನು ತಿರುಚಿದ ಎನ್ನುತ್ತಾರಲ್ಲ ಎಂದು ನುಂಗಿಕೊಂಡೆ.

ಸಾವ್ಕಾರರು ತಲೆದೂಗಿ, ಇದಪ್ಪ ವಿದ್ಯೆ ಅಂದ್ರೆ, ಹೆತ್ತ ಅಪ್ಪ ಅಂತಲೂ ನೋಡಲಿಲ್ಲ ಎಂದರು. ನನಗೆ ಹೆಮ್ಮೆಯಾಯಿತು. ಸುಳ್ಳು ಹೇಳಿ ಏನು ಪ್ರಯೋಜನ, ಆ ಕ್ಷಣ ನಿಜವಾಗಿಯೂ ಹೆಮ್ಮೆಯಾಯಿತು. ಅಪ್ಪ ಟೀ ಕುಡಿದು ಮುಗಿಸಿ, ಲೋಟ ತೊಳೆದಿಟ್ಟು, ಮತ್ತೆ ಬಗ್ಗಿದ. ಸಂಜೆಯವರೆಗೆ ಅವನ ಕೈ ಎಂದಿಗಿಂತ ಜೋರಾಗಿ ಓಡಿತು. ಅವತ್ತು ಅವನ ಕೈಯಲ್ಲೂ ಒಂದಷ್ಟು ಒಡಕು ಬಂದವು.

ಎಲೆ ಅಡಿಕೆಯ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ ಒಗೆದ ಟವೆಲ್ ಹೆಗಲಿಗೆ ಹಾಕಿಕೊಂಡು ಹೋದ. ನಾನೂ ಹೋದೆ. ಸಾವ್ಕಾರರು ಎದ್ದು ನಿಂತು, ಹೊಸಬನನ್ನು ಮುಂದೆ ಕರೆದರು. ಒಂದಿಬ್ಬರು ಗೊಣಗಿದಾಗ ಅವರು ನನ್ನ ಕಡೆ ಕೈ ತೋರಿಸಿದರು. ನಾನೇನು ಮಾಡ್ಲಿ, ಅವರ ಮನೆ ಬಿ.ಎ.ನೇ ತೀರ್ಪು ಕೊಟ್ಟಿದ್ದಾನೆ ಎಂದರು. ಎಲ್ಲರೂ ನನ್ನನ್ನು ನೋಡಿದರು. ತೀರ್ಮಾನ ಸಾವ್ಕಾರರ ಮನಸ್ಸಿನಲ್ಲಿ ಮೊದಲೇ ಆಗಿತ್ತು, ಅದಕ್ಕೆ ಒಂದು ಬಾಯಿ ಮಾತ್ರ ಬೇಕಿತ್ತು ಎಂದು ನನಗೆ ಹೊಳೆದದ್ದು ಆಗ. ಬಾಯಿ ಸಿಕ್ಕಿತ್ತು, ಅದೂ ನಮ್ಮ ಮನೆಯದೇ. ಹೊಸಬನ ತಪ್ಪೇನೂ ಇಲ್ಲ. ಎಲೆ ಅಡಿಕೆ ತೆಗೆದುಕೊಳ್ಳುವಾಗ ಅಪ್ಪನ ಮುಖ ನೋಡಲಾಗದೆ ತಲೆ ತಗ್ಗಿಸಿದ.

ಅಪ್ಪನಿಗೆ ಕೊನೆಯ ಗೂಟ ತೋರಿಸಿದರು. ಅಲ್ಲಿ ಕತ್ತಲು, ಮಟ್ಟೆಯ ಧೂಳು ಹೊರಗೆ ಹೋಗುವುದಿಲ್ಲ. ಹದಿನೈದು ದಿನ ಕೆಮ್ಮುತ್ತ ಮಾಡಿದ. ಹದಿನಾರನೇ ದಿನ ಮಚ್ಚನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದುಬಿಟ್ಟ.

ಅವತ್ತು ನಾನು ಸಮಾಧಾನ ಹೇಳಲು ಹೋದೆ. ವಯಸ್ಸಾಯ್ತಲ್ಲಪ್ಪ, ಎಲ್ಲರಿಗೂ ಒಂದು ದಿನ ಬರುತ್ತೆ ಎಂದೇನೋ ಅಂದೆ. ಅಪ್ಪ ಹೊಸ್ತಿಲ ಹತ್ತಿರ ಕೂತು ಕಾಲು ತೊಳೆಯುತ್ತಿದ್ದ. ಸಿಟ್ಟಿರಲಿಲ್ಲ ದನಿಯಲ್ಲಿ.

"ಈಗಿನ ನನ್ನ ಸೋಲ್ಸಿದ್ರೆ ಬೇಜಾರಿರ್ಲಿಲ್ಲ ಕಣಪ್ಪ. ಮುದುಕ ಆದೆ, ಸೋಲ್ಬೇಕು. ನೀನು ಆವಾಗಿನ ನನ್ನೂ ಸೋಲ್ಸ್‌ಬುಟ್ಟೆ."

ಮುಪ್ಪಿಗೆ ಸೋಲುವುದರಲ್ಲಿ ಅವಮಾನವಿಲ್ಲ. ಮನುಷ್ಯನಿಗೆ ಹಿಂದೆ ತಿರುಗಿ ನೋಡಲು ಒಂದು ಕಾಲವಾದರೂ ಇರುತ್ತದೆ. ಅಪ್ಪನ ಮೂವತ್ತನೇ ವಯಸ್ಸನ್ನು ನಾನು ಸರಿಯಾಗಿ ಕಂಡವನೂ ಅಲ್ಲ. ಆಗ ನನಗೆ ಮೂರೋ ನಾಲ್ಕೋ ವರ್ಷ. ಕಾಣದ್ದನ್ನು ತೂಗಿ, ಕಡಿಮೆ ಎಂದು ಹೇಳಿ, ಒಂದು ತಲೆದೂಗಾಟಕ್ಕೆ ಕೊಟ್ಟುಬಿಟ್ಟಿದ್ದೆ.

ಮಾರನೆಯ ದಿನ ಸಾವ್ಕಾರರ ಹತ್ತಿರ ಹೋದೆ. ಕುರ್ಚಿ ಹಾಕಲು ಹೇಳಿದರು, ಕೂರಲಿಲ್ಲ. ನನ್ನ ತೀರ್ಪು ತಪ್ಪು, ಒಡಕನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಗಾಯವಿಲ್ಲದ ಉಂಡೆಯ ಮೇಲೆ ಹೋದರೆ ಅಪ್ಪನೇ ಗೆಲ್ಲುತ್ತಾನೆ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬಹಳ ನಯವಾಗಿ ಹೇಳಿದರು.

"ಅವತ್ತು ಓದಿದೋನಾಗಿ ಮಾತಾಡಿದ್ದೆ. ಇವತ್ತು ಮಗ ಆಗಿ ಮಾತಾಡ್ತಿದ್ದೀಯ. ನಾನು ಯಾವುದನ್ನ ನಂಬ್ಲಪ್ಪ?"

ಒಂದು ವೇಳೆ ಅವತ್ತೇ ಮಗನಾಗಿ ಮಾತಾಡಿದ್ದರೂ ಅವರು ನಂಬುತ್ತಿರಲಿಲ್ಲ. ಅದು ನನಗೆ ಗೊತ್ತು. ಆದರೆ ಆ ಮಾತು ಅಪ್ಪನ ಕಿವಿಗಾದರೂ ಬೀಳುತ್ತಿತ್ತು.

ಮುಂದೆ ನನಗೆ ಬಿ.ಎಡ್. ಸೀಟು ಸಿಕ್ಕಿತು, ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾದೆ. ಬಾಕ್ಸಿಂಗ್ ನೋಡುವುದು ಬಿಟ್ಟೆ. ಪ್ರಶ್ನೆಪತ್ರಿಕೆ ತೆಗೆಯುವಾಗ ಇಬ್ಬರು ರಾಜರನ್ನು ಹೋಲಿಸಿ ಬರೆಯಿರಿ ಎಂಬ ಪ್ರಶ್ನೆಯನ್ನು ನಾನು ಹಾಕುವುದಿಲ್ಲ. ಸಹೋದ್ಯೋಗಿಗಳಿಗೆ ಕಾರಣ ಹೇಳಿಲ್ಲ.

ಅಪ್ಪ ಕೆಲಸ ಬಿಡಲಿಲ್ಲ. ದೊಡ್ಡ ಶೆಡ್ಡುಗಳಿಗೆ ಹೋಗುವುದಿಲ್ಲ ಅಷ್ಟೆ. ಅಟ್ಟದಲ್ಲಿ ನಾಲ್ಕಾರು ನೂರು ಕಾಯಿ ಇಟ್ಟುಕೊಂಡ ಸಣ್ಣ ರೈತರ ಮನೆಗಳಿಗೆ, ಅಮ್ಮಸಂದ್ರದ ಆಚೆಯವರೆಗೂ ಹೋಗುತ್ತಾನೆ. ಭಾನುವಾರಗಳಲ್ಲಿ ನಾನು ಬೈಕಿನಲ್ಲಿ ಬಿಟ್ಟು ಬರುತ್ತೇನೆ.

ಕಳೆದ ತಿಂಗಳು ಹಾಗೇ ಒಂದು ಮನೆಗೆ ಹೋಗಿದ್ದೆವು. ಮನೆಯ ಯಜಮಾನರು ವಯಸ್ಸಾದವರು, ಅಪ್ಪನನ್ನು ಬಾಗಿಲ ಗೂಟದ ಕಾಲದಿಂದ ಬಲ್ಲವರು. ಅಪ್ಪ ಕಾಯನ್ನು ಕಿವಿಗಿಟ್ಟು ಆಡಿಸುವುದನ್ನು ನೋಡುತ್ತ ನಿಂತಿದ್ದರು. ನನಗೆ ಟೀ ಕೊಟ್ಟು, ನಿಮ್ಮಪ್ಪನ ಕೈ ಆ ಕಾಲದಲ್ಲಿ ನೋಡಬೇಕಿತ್ತು ಕಣ್ರೀ ಮೇಷ್ಟ್ರೇ, ಈ ಸೀಮೆಯಲ್ಲೇ ಅವನ ಸಮಕ್ಕೆ ಒಬ್ಬ ಇರಲಿಲ್ಲ ಎಂದರು. ನಾನು ಹೌದು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ, ಕೈಯಲ್ಲಿದ್ದ ಕಾಯನ್ನು ಗೂಟಕ್ಕೆ ಕುಕ್ಕುತ್ತ, ತಲೆ ಎತ್ತದೆಯೇ ಹೇಳಿದ.

"ಇಲ್ಲ ಬುಡಿ, ಅಂತಾದ್ದೇನೂ ಇರ್ಲಿಲ್ಲ. ನಮ್ ಹೈದ ಓದ್ದೋನು, ಲೆಕ್ಕ ಹಾಕಿ ಹೇಳವ್ನೆ."

ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವನು ಅದನ್ನು ಹೆಮ್ಮೆಯಿಂದ ಹೇಳಿದ.